ಶೆವಂತಾ ಹೊಲಿದ ಕತ್ತಲು

ಶೆವಂತಾ ಕಾಂಬಳೆ ತೀರಿಕೊಂಡಳು. ೧೯೮೯ರ ಫೆಬ್ರವರಿಯಲ್ಲಿ, ಇಚಲಕರಂಜಿಯ ತನ್ನ ಒಂದೇ ಕೋಣೆಯ ಖೋಲಿಯಲ್ಲಿ, ಮುಂಜಾನೆಯ ಪಾಳಿ ಶುರುವಾಗುವ ಮೊದಲು. ಸ್ತನದ ಕ್ಯಾನ್ಸರ್. ಐವತ್ತು ತುಂಬಿರಲಿಲ್ಲ.

ನಮ್ಮೂರು ನೂಲದ ಶಾಲೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತವರು. ನಾನು ಓದು ಮುಂದುವರಿಸಿ ಗಡಹಿಂಗ್ಲಜದಲ್ಲಿ ಶಿಕ್ಷಕಿಯಾದೆ. ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಮದುವೆಯಾಗಿ ಇಚಲಕರಂಜಿಗೆ ಹೋದಳು. ಗಂಡ ಬೇಗ ತೀರಿಹೋದ, ಮಕ್ಕಳಿರಲಿಲ್ಲ. ತಾತ್ಯಾಸಾಹೇಬರ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕಾಂಡಿ ಸುತ್ತಿದಳು. ಲಾಳಿಯೊಳಗೆ ಕೂಡುವ ಕಡ್ಡಿಗೆ ನೂಲು ತುಂಬುವ ಕೆಲಸ ಅದು. ಖೋಲಿ ಶೆಡ್ಡಿಗೆ ಅಂಟಿಕೊಂಡೇ ಇತ್ತು. ನಡುವಿನ ಗೋಡೆ ಮೇಲಿನ ತಗಡಿಗೆ ಮುಟ್ಟದೆ ಎರಡು ಮೊಳ ಕೆಳಗೇ ನಿಂತಿತ್ತು. ಎರಡನೇ ಪಾಳಿಯ ಟ್ಯೂಬ್‌ಲೈಟುಗಳ ಬೆಳಕು ಆ ಸಂದಿಯಿಂದ ಇಡೀ ರಾತ್ರಿ ಅವಳ ಹಾಸಿಗೆಯ ಮೇಲೆ ಬೀಳುತ್ತಿತ್ತು.

೧೯೮೬ರಲ್ಲಿ ಗಂಟು ಕಂಡಿತು. ಕೊಲ್ಲಾಪುರದಲ್ಲಿ ಆಪರೇಷನ್ ಆಯಿತು, ಮಿರಜಿನಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಮರುವರ್ಷ ರೋಗ ಎಲುಬಿಗೆ ಇಳಿದಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು ಆರು ತಿಂಗಳು ಎಂದರು.

ಆ ದಿನಗಳಲ್ಲೇ ಕೊಲ್ಲಾಪುರದ ವಾಚನಾಲಯದಲ್ಲಿ ಒಂದು ವಿಜ್ಞಾನ ಮಾಸಿಕ ನನ್ನ ಕೈಗೆ ಬಂತು. ಮೆದುಳಿನ ನಡುವೆ ಕಾಳಿನಷ್ಟು ಗ್ರಂಥಿಯೊಂದಿದೆ. ಕತ್ತಲಾದ ಮೇಲೆ ಅದು ಮೆಲಟೋನಿನ್ ಎಂಬ ರಸ ಬಿಡುತ್ತದೆ, ಬೆಳಕು ಬಿದ್ದರೆ ನಿಲ್ಲಿಸುತ್ತದೆ. ಕೆಲವು ಪ್ರಯೋಗಗಳಲ್ಲಿ ಆ ರಸ ಕೊಟ್ಟ ಇಲಿಗಳ ಗಂಟು ನಿಧಾನವಾಗಿ ಬೆಳೆದಿತ್ತಂತೆ. ಓದಿದ್ದನ್ನು ಅವಳಿಗೆ ಹೇಳಿಬಿಟ್ಟೆ. ಹೇಳಬಾರದಿತ್ತೇನೋ ಎಂದು ಇವತ್ತೂ ಅನ್ನಿಸುತ್ತದೆ.

ಅವಳು ತಲೆ ಎತ್ತಿ ಗೋಡೆಯ ಮೇಲಿನ ಸಂದಿಯನ್ನು ನೋಡಿದಳು. ಮುಂದಿನ ಸಲ ಹೋದಾಗ ಡಾಕ್ಟರನ್ನು ತಾನೇ ಕೇಳಿದಳು. ಅವರು ನಗಲಿಲ್ಲ. ಅದು ಔಷಧಿಯಾಗಿ ಇಲ್ಲಿ ಸಿಗುವುದಿಲ್ಲ, ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತದೆಂದು ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ ಎಂದರು. ಕತ್ತಲಲ್ಲಿ ಮಲಗಿದರೆ ಕೇಡಿಲ್ಲ, ನಿದ್ದೆಯಾದರೂ ಆದೀತು. ಆದರೆ ಗುಳಿಗೆ, ಕರೆಂಟ್ ಒಂದು ದಿನವೂ ತಪ್ಪಬಾರದು ಎಂದರು.

"ಎರಡೂ ಮಾಡ್ತೇನ್ರಿ," ಅಂದಳು.

ತಪ್ಪು ಮಾಡಿದವಳು ನಾನು. ನೂಲದಲ್ಲಿ ಅವಳ ತಮ್ಮ ಜೋತಿಬಾನ ಮನೆ ಊರ ಹೊರಗೆ ಹೊಲದಲ್ಲಿದೆ, ಸುತ್ತ ಒಂದು ದೀಪವಿಲ್ಲ. ಅಲ್ಲಿಗೆ ಕರೆದೊಯ್ದೆ. ಕತ್ತಲು ಸಿಕ್ಕಿತು, ನಿದ್ದೆ ಸಿಗಲಿಲ್ಲ. ಮಗ್ಗದ ಸದ್ದಿನಲ್ಲೇ ಮಲಗಿ ರೂಢಿಯಾದ ಕಿವಿ ಅವಳದು. ಇಚಲಕರಂಜಿಯಲ್ಲಿ ವಾರಕ್ಕೊಮ್ಮೆ ವಿದ್ಯುತ್ತಿಲ್ಲದ ರಜೆಗೆ, ಅಲ್ಲಿನವರ ಸುಟ್ಟಿಗೆ, ಮಗ್ಗ ನಿಂತರೆ ಇಡೀ ಗಲ್ಲಿಗೆ ಎಚ್ಚರವಾಗುತ್ತದೆ, ಕೂಸುಗಳು ಅಳುತ್ತವೆ. ಅದು ನನಗೆ ಹೊಳೆಯಬೇಕಿತ್ತು.

ಒಂಬತ್ತನೇ ಮುಂಜಾನೆ ಚೀಲ ಕಟ್ಟಿಕೊಂಡು ಕೂತಿದ್ದಳು. ಶಿಕ್ಷಕಿಯೆಂದು ನನ್ನನ್ನು ಚೇಷ್ಟೆಗೆ ಅಕ್ಕೋರ ಎನ್ನುತ್ತಿದ್ದಳು. "ಅಕ್ಕೋರ, ನಿಮ್ಮ ಇಲಿ ಮಗ್ಗದ ಗಲ್ಲ್ಯಾಗ ಬೆಳದಿರಲಿಲ್ಲ. ನನಗ ಸಪ್ಪಳಾನೂ ಬೇಕು, ಕತ್ತಲಾನೂ ಬೇಕು. ನಡಿ, ಅಲ್ಲೇ ಮಾಡೂನು."

ಬಣ್ಣ ಕಾಣದ ದಪ್ಪ ಕೋರಾ ಬಟ್ಟೆ ತಂದು, ಬಣ್ಣ ಹಾಕುವವರಲ್ಲಿ ಎರಡು ಸಲ ಕಪ್ಪಿನಲ್ಲಿ ಅದ್ದಿಸಿದಳು. ಪಕ್ಕದ ಖೋಲಿಯ ತಾರವ್ವನೂ ಅವಳೂ ಕೂತು ಇಬ್ಬಡಿ ಹೊಲಿದರು. ಶೆಡ್ಡಿನಲ್ಲಿ ಬಟ್ಟೆಯ ದೋಷ ನೋಡುವಂತೆ ಟ್ಯೂಬ್‌ಲೈಟಿಗೆ ಹಿಡಿದಳು. ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ಕಂಡಿತು. ಬಿಚ್ಚಿ ಮೂರನೇ ಪದರ ಸೇರಿಸಿದಳು.

ಅದು ಸಂದಿಗೆ ಏರಿದ ದಿನವೇ ತಾತ್ಯಾಸಾಹೇಬರು ಬಂದರು. ಅವರ ಮಾತೂ ಸುಳ್ಳಲ್ಲ. "ಶೆವಂತಾಬಾಯಿ, ಹತ್ತಿ ದೂಳ ಕುಂತು ಒಂದ ಕಿಡಿ ಬಿತ್ತಂದ್ರ ಶೆಡ್ಡ ಹೋಗ್ತೈತಿ. ತಗೀರಿ."

"ಪ್ರತಿ ಸುಟ್ಟಿಗೆ ಇಳಿಸಿ ಝಾಡಿಸ್ತೇನ್ರಿ. ಒಂದ ವಾರ ತಪ್ಪಿದ್ರ ನೀವ ಹರದು ಒಗೀರಿ."

"ಜಡ್ಡಾಗಿ ಮಲಗಿದ್ರ?"

"ಮಲಗಾಕಂತನ ಹಾಕೇನಲ್ರಿ."

ಅವರಿಗೆ ನಗು ತಡೆಯಲಾಗಲಿಲ್ಲ. ಬಟ್ಟೆ ಉಳಿಯಿತು.

ಅವಳು ನಿದ್ದೆ ಮಾಡಿದಳು. ಮಿರಜಿಗೆ ಹೋಗುವುದನ್ನೂ ಒಂದು ಸಲವೂ ತಪ್ಪಿಸಲಿಲ್ಲ, ಸುಟ್ಟಿಯ ದಿನ ಏಣಿ ಹತ್ತುವುದನ್ನೂ. ಆರು ತಿಂಗಳು ಎಂದದ್ದು ಹದಿನೆಂಟು ತಿಂಗಳಾಯಿತು. ಯಾವುದರಿಂದ ಎಂದು ಡಾಕ್ಟರನ್ನು ಕೇಳಿದೆ. ಗುಳಿಗೆಯಿಂದ ಇರಬಹುದು, ಕರೆಂಟಿನಿಂದ ಇರಬಹುದು, ಒಬ್ಬಳನ್ನು ನೋಡಿ ಏನೂ ಹೇಳಲಾಗದು ಎಂದರು.

ಗಲ್ಲಿಗೆ ಮಾತ್ರ ಸಂಶಯವಿರಲಿಲ್ಲ. ಕರೀ ಬಟ್ಟೆಯೇ ಅವಳನ್ನು ಉಳಿಸಿದೆ ಎಂದರು. ಆಚೆ ಗಲ್ಲಿಯ ಚೆನ್ನವ್ವ, ಎದೆಯಲ್ಲಿ ಗಂಟು ಬಂದಿದ್ದನ್ನು ಮನೆಯವರಿಗೂ ಹೇಳದವಳು, ಆ ಬಟ್ಟೆ ಎಷ್ಟು ಮೊಳ ಬೇಕು ಎಂದು ಕೇಳಲು ಬಂದಳು. ಶೆವಂತಾ ಸೀರೆ ಬದಲಿಸಿ, ಅವಳ ಕೈ ಹಿಡಿದು ಕೊಲ್ಲಾಪುರದ ಬಸ್ಸು ಹತ್ತಿಸಿದಳು. ದವಾಖಾನೆಯಲ್ಲಿ ಎರಡು ತಾಸು ತಾನೇ ಸಾಲಿನಲ್ಲಿ ನಿಂತಳು. ಆಗ ಶೆವಂತಾಳಿಗೆ ಸರಿಯಾಗಿ ನಿಲ್ಲಲೂ ಆಗುತ್ತಿರಲಿಲ್ಲ.

ಅದಾದ ಮೇಲೆ ನನಗೆ ಹೇಳಿದಳು: "ಕತ್ತಲದಿಂದ ಬದುಕಿದ್ಳು ಅಂತ ಎಲ್ಲೂ ಬರೀಬ್ಯಾಡ. ಯಾರರೆ ದವಾಖಾನಿ ಬಿಟ್ಟು ಕತ್ತಲದಾಗ ಕುಂತಾರು. ನಿದ್ದಿ ಮಾಡಿದ್ಳು, ಇಷ್ಟ ಬರಿ."

ಇಷ್ಟೇ ಬರೆದಿದ್ದೇನೆ.

ಕೊನೆಯ ಸುಟ್ಟಿಯ ದಿನ ಅವಳಿಗೆ ಏಳಲಾಗಲಿಲ್ಲ. ತಾನು ಝಾಡಿಸುತ್ತೇನೆ ಎಂದಳು ತಾರವ್ವ. ಮಾತು ಕೊಟ್ಟವಳು ತಾನು ಎಂದಳು ಶೆವಂತಾ. ಬಟ್ಟೆಯನ್ನು ತಾರವ್ವನ ಕೈಯಲ್ಲಿ ಇಳಿಸಿ ತೊಡೆಯ ಮೇಲೆ ಹಾಕಿಸಿಕೊಂಡು, ಕಾಂಡಿ ಮಶೀನಿನ ಬ್ರಷ್ಷಿನಿಂದ ಹೊಲಿಗೆ ಹೊಲಿಗೆಯ ದೂಳು ತೆಗೆದಳು. ನಡುನಡುವೆ ಕಣ್ಣು ಮುಚ್ಚುತ್ತಿದ್ದಳು, ಮತ್ತೆ ಬ್ರಷ್ಷು ಎತ್ತುತ್ತಿದ್ದಳು. ಮಧ್ಯಾಹ್ನವಾಯಿತು. ತಾರವ್ವ ಏಣಿ ಹತ್ತಿ ಬಟ್ಟೆ ಕಟ್ಟಿದಳು. ಎಡಗಡೆ ಮೂಲೆಯಲ್ಲಿ ಶೆಡ್ಡಿನ ಕಡೆಯ ಹಗಲ ಬೆಳಕು ಒಂದು ಬೆರಳಿನಷ್ಟು ಉಳಿದಿತ್ತು. ಶೆವಂತಾ ಕೈ ಎತ್ತಿ ಅದನ್ನು ತೋರಿಸಿದಳು.