ಬಲಕ್ಕೆ ಎಳೆಯುತ್ತಿದ್ದ ಬೋಟು

ಬೋಟಿನ ಸ್ಟೀರಿಂಗ್ ಬಲಕ್ಕೆ ಎಳೆಯುತ್ತಿದೆ ಎಂದು ಕಾಕಾ ನನಗೆ ಮೂರು ಸಲ ಹೇಳಿದ್ದರು. ಮೂರು ಸಲವೂ ನಾನು ದಂಡೆ ಬಿಟ್ಟು ಕದಲದೆ, ಏನೂ ಆಗಿಲ್ಲ ಎಂದೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಹೈದರಾಬಾದಿನ ಒಂದು ಕೆರೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟುಗಳ ಹಿರಿಯ ಡ್ರೈವರ್. ನನ್ನ ಹಾಗೆ ಬೀದರ ಕಡೆಯವರು. ಅದೇ ಊರಿನ ಉಪ್ಪಲ್‌ನಲ್ಲಿ ಜನರೇಟರ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಕೆರೆಯ ಬೋಟುಗಳ ಮೆಕ್ಯಾನಿಕ್ ಕೆಲಸಕ್ಕೆ ಸೇರಿಸಿದವರೂ ಅವರೇ. ದಿನವಿಡೀ ತೆಲುಗು, ಹಿಂದಿ ಮಾತಾಡಿ ದಣಿದ ಮೇಲೆ ನಾವಿಬ್ಬರೂ ಚಹಾ ಕುಡಿಯುತ್ತ ನಮ್ಮ ಮಾತಿಗೆ ಮರಳುತ್ತಿದ್ದೆವು.

ಕಾಕಾ ಓಡಿಸುತ್ತಿದ್ದ ಬೋಟಿನ ಇಂಜಿನ್ ಹಿಂಬದಿಯಲ್ಲಿ, ಒಳಗೇ ಇರುತ್ತದೆ. ಅದರ ಕಾಲು ಮಾತ್ರ ಹೊರಗೆ ನೀರಿಗೆ ಇಳಿದಿರುತ್ತದೆ. ಆ ಕಾಲಿನ ತುದಿಯಲ್ಲಿ ಬೋಟನ್ನು ಮುಂದೆ ತಳ್ಳುವ ಪಂಖಾ. ಸ್ಟೀರಿಂಗ್ ತಿರುಗಿಸಿದರೆ ಇಡೀ ಕಾಲೇ ತಿರುಗಿ ಬೋಟಿಗೆ ದಿಕ್ಕು ಕೊಡುತ್ತದೆ.

"ತಮ್ಮಾ, ಭಾಳ ಜಗ್ಗಾಕತ್ತೈತಿ. ಸಂಜಿ ಆಗೂದ್ರಾಗ ರಟ್ಟಿ ಸೋತು ಬರ್ತಾವ," ಎಂದರು ಕಾಕಾ.

ನಾನು ಕೇಬಲ್ ನೋಡಿದೆ, ಗ್ರೀಸ್ ಹಚ್ಚಿದೆ, ಸ್ಟೀರಿಂಗ್ ಪಂಪಿನ ಎಣ್ಣೆ ನೋಡಿದೆ, ಬೆಲ್ಟ್ ಬಿಗಿ ಮಾಡಿದೆ. ಇಂಜಿನ್ ಚಾಲೂ ಮಾಡಿ, ಕಟ್ಟಿದ ಬೋಟಿನಲ್ಲೇ ನಿಂತು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಒಂದೇ ಬೆರಳಿಗೆ ತಿರುಗಿತು.

"ದಂಡ್ಯಾಗ ಹಂಗ ಇರತೈತಿ. ನಡುಕೆರಿಗೆ ಬಾ, ಜೋರು ಬಿಟ್ಟಾಗ ಹಿಡದು ನೋಡು," ಎಂದರು.

"ನಾಳಿ ಬರ್ತೀನ್ರಿ ಕಾಕಾ," ಎಂದೆ. ಮರುದಿನ ಇನ್ನೊಂದು ನೆಪ, ಅದರ ಮರುದಿನ ಮತ್ತೊಂದು. ನಿಜವೆಂದರೆ ನನಗೆ ಈಜು ಬರುತ್ತಿರಲಿಲ್ಲ. ಬೋಟು ರಿಪೇರಿ ಮಾಡುವವನು ನೀರಿಗೆ ಅಂಜುತ್ತಾನೆಂದು ಯಾರ ಮುಂದೆ ಹೇಳುವುದು?

ಒಂದು ಭಾನುವಾರ, ವೇಗವಾಗಿ ಹೋಗುತ್ತಿದ್ದಾಗ ಯಾರೋ ಎದ್ದು ನಿಂತರಂತೆ. ಕೂಡಿರೆಂದು ಸನ್ನೆ ಮಾಡಲು ಕಾಕಾ ಒಂದು ಕೈ ತೆಗೆದಿದ್ದಾರೆ. ಸ್ಟೀರಿಂಗ್ ಉಳಿದ ಕೈಯಿಂದ ಕಿತ್ತುಕೊಂಡು ಬಲಕ್ಕೆ ತಿರುಗಿ, ಬೋಟು ಗಕ್ಕನೆ ವಾಲಿ, ಒಬ್ಬ ಹೆಂಗಸು ಜಾರಿಬಿದ್ದು ಮೊಣಕೈಗೆ ಪೆಟ್ಟು ಮಾಡಿಕೊಂಡರು. ದಂಡೆಗೆ ಬಂದ ಮೇಲೆ ದೊಡ್ಡ ಗಲಾಟೆಯಾಯಿತು.

ಮ್ಯಾನೇಜರ್ ಸಾಹೇಬರು ಕಾಕಾ ಎದುರಿಗೇ ನನ್ನನ್ನು ಕೇಳಿದರು, ಬೋಟಿನಲ್ಲಿ ದೋಷವಿದೆಯೇ ಎಂದು. ನಾನು ಹಿಂದಿಯಲ್ಲಿ ಹೇಳಿದೆ: "ಬೋಟು ಸರಿಯಿದೆ ಸಾಬ್. ವಯಸ್ಸಾಯಿತಲ್ಲ, ಅವರ ಕೈಗಳಲ್ಲಿ ಬಲ ಉಳಿದಿಲ್ಲ."

ಕಾಕಾ ನನ್ನ ಮುಖ ನೋಡಿದರು. ಮರುದಿನದಿಂದ ಅವರನ್ನು ಗೇಟಿನಲ್ಲಿ ಟಿಕೆಟ್ ಹರಿಯಲು ಕೂಡಿಸಿದರು.

ಅವರ ಜಾಗಕ್ಕೆ ಬಂದವನು ಗಟ್ಟಿಮುಟ್ಟಾದ ಆಳು. ನಾಲ್ಕನೆಯ ದಿನ ಬೋಟು ತಂದು ಕಟ್ಟಿದವನೇ, ನೀನು ಜೊತೆಗೆ ಬರದಿದ್ದರೆ ನಾನಿದನ್ನು ಮುಟ್ಟುವುದಿಲ್ಲ ಎಂದು ತೆಲುಗಿನಲ್ಲಿ ಎಲ್ಲರೆದುರು ಕೂಗಾಡಿದ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಎರಡೆರಡು ಸಲ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು ಹತ್ತಿದೆ. ನಡುಕೆರೆಯಲ್ಲಿ ಅವನು ವೇಗ ಹೆಚ್ಚಿಸಿ ಸ್ಟೀರಿಂಗನ್ನು ನನ್ನ ಕೈಗೆ ಕೊಟ್ಟ. ಹಗ್ಗ ಹರಿದುಕೊಳ್ಳಲು ನೋಡುವ ಎತ್ತಿನ ಹಾಗೆ ಅದು ಬಲಕ್ಕೆ ಜಗ್ಗಿತು. ಐದು ನಿಮಿಷಕ್ಕೆ ನನ್ನ ಭುಜ ಉರಿಯತೊಡಗಿತು. ಕಾಕಾ ಇದನ್ನು ದಿನವಿಡೀ ಹಿಡಿದಿದ್ದರು.

ದಂಡೆಗೆ ಮರಳಿ, ಬೋಟನ್ನು ನೀರಿನಿಂದ ಮೇಲೆತ್ತಿಸಿ ಕಾಲಿನ ಕೆಳಗೆ ಕೂತೆ. ಪಂಖಾದ ಮೇಲ್ಗಡೆ ಅಂಗೈಗಿಂತ ಚಿಕ್ಕದಾದ ಒಂದು ಲೋಹದ ರೆಕ್ಕೆ ಇರುತ್ತದೆ. ಪಂಖಾ ತಿರುಗುವಾಗ ಬೋಟನ್ನು ಒಂದು ಪಕ್ಕಕ್ಕೆ ಎಳೆಯದಂತೆ ತಡೆಯುವುದೇ ಅದರ ಕೆಲಸ. ಆ ರೆಕ್ಕೆ ಎಡಕ್ಕೆ ಸೊಟ್ಟಗೆ ಕೂತಿತ್ತು; ಅದು ಎಡಕ್ಕಿದ್ದರೆ ಸ್ಟೀರಿಂಗ್ ಬಲಕ್ಕೆ ಜಗ್ಗುತ್ತದೆ. ಅದು ಮೊದಲಿದ್ದ ಜಾಗದ ಗುರುತು ಬಣ್ಣದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅದನ್ನು ಬಿಚ್ಚಿ ಕೂಡಿಸಿದವನು ನಾನೇ. ಕಾಕಾ ಮೊದಲ ಸಲ ದೂರುವ ಎರಡು ದಿನ ಮುಂಚೆ, ಇಂಜಿನ್ ತಂಪಾಗಿಡಲು ನೀರೆತ್ತುವ ಪಂಪಿನ ರಬ್ಬರ್ ಬದಲಿಸಲು ಕಾಲಿನ ಕೆಳಭಾಗ ಇಳಿಸಿದ್ದೆ. ಒಂದು ಬೋಲ್ಟು ಆ ರೆಕ್ಕೆಯ ಅಡಿಯಲ್ಲೇ ಅಡಗಿರುತ್ತದೆ. ಬಿಚ್ಚುವ ಮೊದಲು ಗುರುತು ಮಾಡಿಕೊಳ್ಳಬೇಕಿತ್ತು. ನಾನು ಅಂದಾಜಿನಲ್ಲಿ ಕೂಡಿಸಿದ್ದೆ.

ಬೋಲ್ಟು ಸಡಿಲಿಸಿ ರೆಕ್ಕೆಯನ್ನು ಹಳೆಯ ಜಾಗಕ್ಕೆ ಸರಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊಸ ಡ್ರೈವರ್ ಒಂದು ಸುತ್ತು ಹೋಗಿಬಂದು, ಈಗ ಬೆಣ್ಣೆಯ ಹಾಗಿದೆ ಎಂದ. ಏನಾಗಿತ್ತು ಎಂದು ಕೇಳಿದ್ದಕ್ಕೆ, ಕೇಬಲ್ ಸರಿಮಾಡಿದೆ ಎಂದೆ. ಅಲ್ಲಿಯೂ ಸುಳ್ಳು.

ಮೂರು ದಿನ ಗೇಟಿನ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಹೋದಾಗ ಕಾಕಾ ಒಂದು ರಬ್ಬರ್ ಚೆಂಡನ್ನು ಅಂಗೈಯಲ್ಲಿ ಹಿಸುಕುತ್ತ ಕೂತಿದ್ದರು.

"ದಿಲ್‌ಸುಖ್‌ನಗರದಾಗ ಡಾಕ್ಟರಿಗೆ ತೋರಿಸೀನಿ. ದಿನಾ ಹಿಂಗ ಮಾಡ್ರಿ ಅಂದಾರ," ಎಂದರು. "ನೀ ಹೇಳಿದ್ದು ಖರೇನ ಇರಬೇಕು ತಮ್ಮಾ. ಕೈ ಹೋಗ್ಯಾವ."

ಅವರ ಪಕ್ಕದ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಈಜು ಬರದ ಸಂಗತಿಯನ್ನೂ ಹೇಳಿದೆ.

ಕಾಕಾ ಚೆಂಡನ್ನು ಜೇಬಿಗೆ ಹಾಕಿಕೊಂಡರು. "ನೀ ನೀರಿಗೆ ಅಂಜ್ತಿ ಅಂತ ಮೊದಲ್ನೇ ದಿನಾನ ಗೊತ್ತಿತ್ತು ನನಗ," ಎಂದರು.

"ಮತ್ತ ಅವತ್ತ ಸಾಹೇಬರ ಮುಂದ ಯಾಕ ಹೇಳಲಿಲ್ರಿ?"

"ಹೇಳಿದ್ರ ನಿನ್ನ ಕೆಲಸಾ ಹೋಗ್ತಿತ್ತಲ್ಲೋ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಂದ ಎದ್ದು ನೇರ ಮ್ಯಾನೇಜರ್ ಕೋಣೆಗೆ ಹೋಗಿ ಒಪ್ಪಿಕೊಂಡೆ. ಅವರು ಬಾಗಿಲು ತೆರೆದಿಟ್ಟೇ ಬೈದರು; ಹೊರಗಿದ್ದವರೆಲ್ಲ ಕೇಳಿಸಿಕೊಂಡರು. ಕೆಲಸ ಮಾತ್ರ ಉಳಿಯಿತು.

ಸೋಮವಾರ ಕಾಕಾ ಮತ್ತೆ ಬೋಟು ಹತ್ತಿದರು. ಅದರ ಮೊದಲು ಅವರು ತಮ್ಮ ಓಡಿಸುವಿಕೆಯ ಬಗ್ಗೆ ಯಾರ ಅಭಿಪ್ರಾಯವನ್ನೂ ಕೇಳಿದವರಲ್ಲ. ಈಗ ಪ್ರತಿ ಸುತ್ತು ಮುಗಿಸಿ ಬಂದಾಗಲೂ ಹಗ್ಗ ನನ್ನ ಕಡೆ ಎಸೆಯುತ್ತ ಮೆಲ್ಲಗೆ ಕೇಳುತ್ತಾರೆ, "ಸರಿ ತಂದ್ನಿಲ್ಲೋ ತಮ್ಮಾ?"

"ಸರಿ ತಂದ್ರಿ ಕಾಕಾ," ಎನ್ನುತ್ತೇನೆ. ಅವರ ಮುಖ ನೋಡಲು ಇನ್ನೂ ಆಗುವುದಿಲ್ಲ.