ಕಲ್ಯಾಣ ಕಡೆ

ನಾನೂ ನನ್ನ ಹೆಂಡತಿ ಸುಮತಿಯೂ ಇಪ್ಪತ್ತೆಂಟು ವರ್ಷ ಒಂದೇ ರೈಲಿನಲ್ಲಿ ಓಡಾಡಿದ್ದೇವೆ. ಆದರೆ ಒಂದೇ ಡಬ್ಬಿಯಲ್ಲಿ ಕುಳಿತದ್ದು ಬೆರಳೆಣಿಕೆಯಷ್ಟು ಸಲ. ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಎಂಟೂ ಹದಿನೇಳರ ಲೋಕಲ್‌ಗೆ ಒಟ್ಟಿಗೇ ಮನೆಯಿಂದ ಹೊರಟು, ಒಟ್ಟಿಗೇ ಬ್ರಿಜ್ ಹತ್ತಿ ಇಳಿಯುತ್ತಿದ್ದೆವು. ಪ್ಲಾಟ್‌ಫಾರ್ಮ್ ಮುಟ್ಟಿದೊಡನೆ ಅವಳು "ಸರಿ, ಇಳಿದ ಮೇಲೆ ಸಿಗುವಾ" ಎಂದು ಮುಂದಿನ ಲೇಡೀಸ್ ಡಬ್ಬಿಯತ್ತ ನಡೆಯುವಳು. ನಾನು "ಹ್ಞೂಂ" ಎಂದು ನಡುವಿನ ಡಬ್ಬಿಯ ಬಾಗಿಲಿಗೆ ಜೋತುಬೀಳುವೆ. ಠಾಣೆಯಲ್ಲಿ ಅವಳ ಶಾಲೆ, ನನ್ನ ಆಫೀಸು. ಮನೆಯಲ್ಲಿ ಶುರುವಾದ ಜಗಳ ಪ್ಲಾಟ್‌ಫಾರ್ಮಿನಲ್ಲಿ ತುಂಡಾಗುತ್ತಿತ್ತು. ನಮ್ಮ ದಾಂಪತ್ಯ ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಮದುವೆಯಾದ ಹೊಸತರಲ್ಲಿ ಒಮ್ಮೆ ಠಾಣೆ ಸ್ಟೇಷನ್ನಿನಲ್ಲಿ ನಾವು ತಪ್ಪಿಸಿಕೊಂಡೆವು. ನಾನು ಒಂದು ತುದಿಯಲ್ಲಿ ಎರಡು ಗಂಟೆ ಕಾದೆ, ಅವಳು ಇನ್ನೊಂದು ತುದಿಯಲ್ಲಿ ಎರಡು ಗಂಟೆ ಕಾದಳು. ಆಗ ಮೊಬೈಲ್ ಇರಲಿಲ್ಲ. ಆ ಸಂಜೆ ಅವಳು ಟೀಚರ್ ಧ್ವನಿಯಲ್ಲಿ ಒಂದು ನಿಯಮ ಹೊರಡಿಸಿದಳು: "ಇನ್ನು ಮುಂದೆ ತಪ್ಪಿಸಿಕೊಂಡರೆ, ಯಾವ ಸ್ಟೇಷನ್ನೇ ಇರಲಿ, ಕಲ್ಯಾಣ ಕಡೆಯ ಕೊನೆಯ ಬೆಂಚು. ಅಲ್ಲಿಂದ ಅಲ್ಲಾಡ್ಲಿಕ್ಕಿಲ್ಲ."

ಉಡುಪಿಯ ಕಡೆ ನಮಗೆ ಮೂಡು, ಪಡು, ತೆಂಕು, ಬಡಗು ಎಂದು ನಾಲ್ಕು ದಿಕ್ಕುಗಳಿದ್ದವು. ಬಾವಿ ಎಲ್ಲಿ ಎಂದರೆ "ಮನೆಯ ಬಡಗು ಬದಿಗೆ" ಎನ್ನುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ಉಳಿದದ್ದು ಎರಡೇ, ಕಲ್ಯಾಣ ಕಡೆ ಮತ್ತು ಮುಂಬೈ ಕಡೆ. ಮುಂಬೈಯಿಂದ ಹೊರಟ ರೈಲು ಠಾಣೆ, ಆಮೇಲೆ ನಮ್ಮ ಡೊಂಬಿವಲಿ ದಾಟಿ ಕಲ್ಯಾಣ ಮುಟ್ಟುತ್ತದೆ. ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ಕೇಳಿದರೆ ನಾನು ಈಗಲೂ ಒಂದು ಕ್ಷಣ ಯೋಚಿಸಬೇಕು. ಕಲ್ಯಾಣ ಕಡೆ ಯಾವುದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಕಲ್ಯಾಣ ಸ್ಟೇಷನ್ನಿನಲ್ಲೇ ನಿಂತಾಗ ಕಲ್ಯಾಣ ಕಡೆ ಯಾವುದು ಎಂಬ ಬಗ್ಗೆ ಮಾತ್ರ ನಮ್ಮೊಳಗೆ ಒಂದು ವಾರ ಚರ್ಚೆ ನಡೆದು, ಕೊನೆಗೆ ಅದರ ಮುಂದಿನ ಸ್ಟೇಷನ್ನಾದ ವಿಠ್ಠಲವಾಡಿಯ ಬದಿ ಎಂದು ತೀರ್ಮಾನವಾಯಿತು.

ನಾನು ಸ್ವಭಾವತಃ ಹೆದರುಪುಕ್ಕಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವವನು. ಇಬ್ಬರಿಗೂ ನಿವೃತ್ತಿಯಾದ ಮೇಲೆ ಖಾರ್ಘರ್‌ನಲ್ಲಿರುವ ಮಗಳು ಹಟ ಹಿಡಿದು ನಮ್ಮನ್ನು ಯುರೋಪಿಗೆ ಕಳಿಸಿದಾಗ, ನಾನು ಸೊಂಟಕ್ಕೆ ಒಂದು ಚೀಲ ಕಟ್ಟಿಕೊಂಡೆ. ಇಬ್ಬರ ಪಾಸ್‌ಪೋರ್ಟು, ಹೋಟೆಲಿನ ಕಾರ್ಡು, ಸುಮತಿಯ ಬಿಪಿ ಮಾತ್ರೆ ಎಲ್ಲವೂ ಅದರಲ್ಲಿ. ಅದು ಇದೆಯೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ತಟ್ಟಿ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಸಿಮ್ ಮಾತ್ರ ಒಂದೇ ಸಾಕೆಂದು ನನ್ನ ಫೋನಿಗಷ್ಟೇ ಹಾಕಿಸಿದ್ದೆ. "ಇಬ್ಬರೂ ಜೊತೆಗೇ ಇರ್ತೇವಲ್ಲ, ನಿನಗೆ ಯಾಕೆ?" ಎಂದಿದ್ದೆ. ಈ ಮಾತು ನನ್ನನ್ನು ಹೇಗೆ ಕಾಡಲಿದೆ ಎಂದು ಆಗ ಗೊತ್ತಿರಲಿಲ್ಲ.

ವಿಯೆನ್ನಾದಲ್ಲಿ ಆ ದಿನ ಬೆಳಿಗ್ಗೆ ಒಂದು ಅರಮನೆ ನೋಡಿದೆವು. ನೂರಾರು ಕೋಣೆಗಳು, ಒಂದೊಂದರಲ್ಲೂ ಒಂದೊಂದು ಗಡಿಯಾರ. ಸುಮತಿ ಚಿತ್ರಗಳನ್ನು ನೋಡಿದಳು, ನಾನು ಹೊರಹೋಗುವ ಬಾಗಿಲುಗಳನ್ನು ನೋಡಿದೆ. "ಇಷ್ಟು ನೆಲ ಒರೆಸ್ಲಿಕ್ಕೆ ಎಷ್ಟು ಜನ ಬೇಕಾದೀತು!" ಎಂಬುದು ಅವಳ ಒಟ್ಟು ಅಭಿಪ್ರಾಯ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು, ಹೋಟೆಲಿಗೆ ಮರಳೋಣವೆಂದು ಹತ್ತಿರದ ಮೆಟ್ರೋ ಸ್ಟೇಷನ್ನಿಗೆ ಬಂದೆವು.

ಎಡವಟ್ಟಾದದ್ದು ಅಲ್ಲಿ. ರೈಲು ಬರುವುದು ಕಂಡಿತು. ಸುಮತಿ "ಸರಿ, ಇಳಿದ ಮೇಲೆ ಸಿಗುವಾ" ಎಂದಳು. ನಾನು "ಹ್ಞೂಂ" ಎಂದೆ. ಅವಳು ಸರಸರನೆ ಮುಂದಿನ ಡಬ್ಬಿಯತ್ತ ನಡೆದಳು. ನಾನು ನಡುವಿನ ಡಬ್ಬಿಯ ಮುಂದೆ ನಿಂತೆ. ಆ ಊರಿನಲ್ಲಿ ಲೇಡೀಸ್ ಡಬ್ಬಿ ಎಂಬುದೇ ಇಲ್ಲವೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ ಅಲ್ಲಿನ ರೈಲಿನ ಬಾಗಿಲು ಗುಂಡಿ ಒತ್ತಿದರೆ ಮಾತ್ರ ತೆರೆಯುತ್ತದೆ. ಬಾಗಿಲೇ ಮುಚ್ಚದ ರೈಲುಗಳಲ್ಲಿ ಜನ್ಮ ಸವೆಸಿದ ನಾನು, ಅದು ತಾನಾಗಿ ತೆರೆದೀತೆಂದು ಮರ್ಯಾದಸ್ಥನಂತೆ ಕಾದೆ. ರೈಲು ಹೊರಟೇ ಹೋಯಿತು. ಕಿಟಕಿಯೊಳಗೆ ಸುಮತಿಯ ಮುಖ ಒಂದು ಕ್ಷಣ ಕಂಡಿತು. ಅವಳು ನನ್ನನ್ನು ನೋಡಲಿಲ್ಲ. ಸೀಟು ಸಿಕ್ಕಿದ ಸಂತೋಷದಲ್ಲಿದ್ದಳು.

ನನ್ನ ಕೈ ತಾನಾಗಿ ಸೊಂಟದ ಚೀಲ ತಟ್ಟಿತು. ಅವಳ ಹತ್ತಿರ ಸಿಮ್ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಮಾತ್ರೆ ಇಲ್ಲ. ಹೋಟೆಲಿನ ಹೆಸರು ಗೊತ್ತಿಲ್ಲ, ಇಳಿಯುವ ಸ್ಟೇಷನ್ನಿನ ಹೆಸರೂ ಗೊತ್ತಿಲ್ಲ. ಇರುವುದು ಒಂದು ಕೊಡೆ ಮತ್ತು ಅರ್ಧ ಪೊಟ್ಟಣ ಚಕ್ಕುಲಿ.

ಇಂಥ ಹೊತ್ತಿನಲ್ಲಿ ತರ್ಕಶಾಸ್ತ್ರ ಬೇರೆ ಕೈಕೊಡುತ್ತದೆ. ಇಬ್ಬರೂ ಇದ್ದಲ್ಲೇ ಇದ್ದರೆ ಎಂದೂ ಸಿಗುವುದಿಲ್ಲ. ಇಬ್ಬರೂ ಹುಡುಕಲು ಹೊರಟರೆ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತಾರೆ. ಒಬ್ಬರು ನಿಲ್ಲಬೇಕು, ಒಬ್ಬರು ಹೊರಡಬೇಕು. ಆದರೆ ಯಾರು ಎಂದು ಕೇಳಿ ತಿಳಿಯಲು ಇಬ್ಬರೂ ಒಂದೇ ಕಡೆ ಇರಬೇಕು! ನಾನು ಮುಂದಿನ ರೈಲು ಹಿಡಿದೆ, ಈ ಸಲ ಗುಂಡಿಯನ್ನು ಮೂರು ಬಾರಿ ಒತ್ತಿ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಈ ತುದಿಯಿಂದ ಆ ತುದಿಯವರೆಗೆ ಓಡಿದೆ. ಅವಳಿರಲಿಲ್ಲ. ಅಷ್ಟರಲ್ಲಿ ಮಗಳ ವಿಡಿಯೋ ಕಾಲ್ ಬಂತು. ಅಮ್ಮ ಎಲ್ಲಿ, ತೋರಿಸಿ ಎಂದು ತನ್ನ ಮರಾಠಿ-ಹಿಂದಿ ಬೆರಕೆಯಲ್ಲಿ ಕೇಳಿದಳು.

"ಅಪ್ಪಾ, ಅಮ್ಮಾ ಕುಠೆ ಆಹೇ? ದಿಖಾವೋ ನಾ!"

"ಅಮ್ಮ ಟಾಯ್ಲೆಟ್ಟಿಗೆ ಹೋಗಿದ್ದಾಳೆ," ಎಂದೆ.

"ಆಪ್ ಕೋ ಇತನಾ ಪಸೀನಾ ಕ್ಯೂಂ ಆ ರಹಾ ಹೈ?"

"ಇಲ್ಲಿ ಭಾರಿ ಸೆಕೆ," ಎಂದು ಬೆವರು ಒರೆಸಿಕೊಂಡು ಫೋನ್ ಕಟ್ ಮಾಡಿದೆ. ಅಲ್ಲಿ ಜನ ಕೋಟು ಹಾಕಿಕೊಂಡು ನಡುಗುತ್ತಿದ್ದರು.

ಆಗ ಆ ಹಳೆಯ ನಿಯಮ ನೆನಪಾಯಿತು. ತಪ್ಪಿಸಿಕೊಂಡ ಸ್ಟೇಷನ್, ಕಲ್ಯಾಣ ಕಡೆ, ಕೊನೆಯ ಬೆಂಚು. ಹಿಂದಿರುಗಿ ಅರಮನೆಯ ಸ್ಟೇಷನ್ನಿಗೇ ಬಂದೆ. ಆದರೆ ವಿಯೆನ್ನಾದಲ್ಲಿ ಕಲ್ಯಾಣ ಎಲ್ಲಿದೆ? ಲೆಕ್ಕ ಹಾಕಿದೆ. ನಗರದ ನಡುಭಾಗ ಎಂದರೆ ಮುಂಬೈ; ಅದಕ್ಕೆ ಬೆನ್ನು ಹಾಕಿದ, ಊರ ಹೊರಗಿನ ತುದಿಯೇ ಕಲ್ಯಾಣ. ಆ ತುದಿಯ ಕೊನೆಯ ಬೆಂಚಿಗೆ ಹೋದೆ. ಖಾಲಿ. ಕುಳಿತೆ. ಒಂದು ರೈಲು ಬಂತು, ಹೋಯಿತು. ಮತ್ತೆರಡು ಬಂದು ಹೋದವು. ನಮ್ಮ ಭಾಷೆಯಲ್ಲಿ ದಿಕ್ಕು ಎಂದರೆ ಮೂಡು-ಪಡು ಮಾತ್ರವಲ್ಲ, ಆಸರೆಯೂ ಹೌದು. ಯಾರೂ ಇಲ್ಲದವನನ್ನು ದಿಕ್ಕಿಲ್ಲದವನು ಎನ್ನುತ್ತೇವೆ. ಈ ಪದಕ್ಕೆ ಎರಡು ಅರ್ಥ ಯಾಕಿದೆ ಎಂದು ಆ ಬೆಂಚಿನ ಮೇಲೆ ಕೂತಾಗ ನನಗೆ ಚೆನ್ನಾಗಿ ಅರ್ಥವಾಯಿತು. ಅಳು ಬಂತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಅತ್ತೆ ಕೂಡ.

ಇನ್ನು ತಡೆಯಲಾರದೆ ಎದ್ದು, ಪ್ಲಾಟ್‌ಫಾರ್ಮಿನ ನಡುವೆ ಮೆಟ್ಟಿಲಿನ ಹತ್ತಿರ ನಿಂತಿದ್ದ ಸಮವಸ್ತ್ರದ ಹೆಂಗಸಿನ ಬಳಿ ಹೋಗಿ, ನನ್ನ ಹರುಕು ಇಂಗ್ಲಿಷಿನಲ್ಲಿ ಹೆಂಡತಿ ಕಳೆದುಹೋಗಿದ್ದಾಳೆ ಎಂದೆ. ಯಾವ ಬಣ್ಣದ ಬಟ್ಟೆ ಹಾಕಿದ್ದಾರೆ ಎಂದು ಆಕೆ ಕೇಳಿದಳು.

ನನಗೆ ನೆನಪಿಲ್ಲ. ಬೆಳಿಗ್ಗೆಯಿಂದ ಜೊತೆಗೇ ಇದ್ದೆ. ಚೀಲವನ್ನು ನೂರು ಸಲ ನೋಡಿದ್ದೆ, ಅವಳನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಹಸಿರೋ? ಕಂದೋ? ಸೀರೆಯೋ, ಚೂಡಿದಾರವೋ? "ಕೊಡೆ ಇದೆ," ಎಂದಷ್ಟೇ ಹೇಳಿ, ನಾಚಿಕೆಯಿಂದ ಅಭ್ಯಾಸಬಲದಲ್ಲಿ ಸೊಂಟದ ಚೀಲ ತಟ್ಟಿಕೊಂಡೆ. ಅದನ್ನು ನೋಡಿದ್ದೇ ತಡ, ಆ ಹೆಂಗಸು ನಕ್ಕುಬಿಟ್ಟಳು. ತಾನೂ ತನ್ನ ಸೊಂಟವನ್ನು ಎರಡು ಸಲ ತಟ್ಟಿ ತೋರಿಸಿ, ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯತ್ತ, ಮೆಟ್ಟಿಲಿನ ಗೋಡೆಯ ಆಚೆಗೆ ಬೆರಳು ಮಾಡಿದಳು.

ಅಲ್ಲಿ, ಕೊನೆಯ ಬೆಂಚಿನ ಮೇಲೆ, ಕೊಡೆಯನ್ನು ತೊಡೆಯ ಮೇಲಿಟ್ಟು ಸುಮತಿ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಬಿಳಿಯ ಅಜ್ಜಿ ಚಕ್ಕುಲಿ ಕಡಿಯುತ್ತಿದ್ದಳು.

"ಎಂತ ಮಾರಾಯ್ರೆ, ಎಲ್ಲಿಗೆ ಹೋದದ್ದು ನೀವು? ಬಾಗಿಲಿನಿಂದ ಬಗ್ಗಿ ನೋಡಿದರೆ ನೀವು ಕಾಣಲಿಲ್ಲ, ನಾನು ಮುಂದಿನ ಸ್ಟೇಷನ್ನಲ್ಲಿ ಇಳಿದು ಆಗಲೇ ವಾಪಸ್ ಬಂದು ಕಲ್ಯಾಣ ಕಡೆ ಕೂತಿದ್ದೇನೆ!"

ನನಗೆ ಸಿಟ್ಟು, ಅಳು, ನಗು ಒಟ್ಟಿಗೇ ಬಂದವು. "ಇದು ಮುಂಬೈ ಕಡೆ! ಕಲ್ಯಾಣ ಕಡೆ ಆ ತುದಿ. ಊರಿನಿಂದ ಆಚೆ ಹೋಗುವ ಬದಿ."

ಅವಳು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿದಳು. "ಶಾಲೆ ಬಿಟ್ಟು ಮನೆಗೆ ಹೋಗುವ ಬದಿ ಯಾವುದೋ ಅದು ಕಲ್ಯಾಣ ಕಡೆ. ಇವತ್ತು ನಮ್ಮ ರೂಮು ಈ ಬದಿಗೆ ಉಂಟಲ್ಲ? ಇಷ್ಟು ವರ್ಷ ನೀವು ಬೇರೆ ಎಂತ ತಿಳಿದದ್ದು?"

ನಾನು ಮಾತು ಬದಲಿಸಿದೆ. ಆ ಸಮವಸ್ತ್ರದ ಹೆಂಗಸಿಗೆ ನನ್ನ ಗುರುತನ್ನು ಅವಳು ಹೇಗೆ ಹೇಳಿದಳೆಂದು ಕೇಳಿದೆ.

"ಹೇಳ್ಲಿಕ್ಕೆ ಎಂತ ಉಂಟು? ಹೀಗೆ ಹೀಗೆ ಮಾಡಿ ತೋರಿಸಿದೆ," ಎಂದು ಸೊಂಟ ತಟ್ಟಿಕೊಂಡಳು. "ಇಡೀ ಯುರೋಪಿನಲ್ಲಿ ಹೀಗೆ ಮಾಡುವವರು ನೀವೊಬ್ಬರೇ."

ಮುಂದಿನ ರೈಲು ಬಂದಾಗ ಅವಳು "ಸರಿ, ಇಳಿದ..." ಎಂದು ಅರ್ಧಕ್ಕೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ಒಂದೇ ಡಬ್ಬಿಗೆ ಹತ್ತಿ ಪಕ್ಕಪಕ್ಕದಲ್ಲಿ ಕೂತೆವು. ಅವಳು ಹಾಕಿದ್ದು ಕಂದು ಬಣ್ಣದ ಚೂಡಿದಾರ, ಮೇಲೆ ಬೂದು ಸ್ವೆಟರ್. ನೋಡಿಕೊಂಡೆ.

ಈಗಲೂ ಡೊಂಬಿವಲಿಯಿಂದ ಆಗೊಮ್ಮೆ ಈಗೊಮ್ಮೆ ಠಾಣೆಗೆ ಹೋಗುತ್ತೇವೆ. ಅವಳು ಲೇಡೀಸ್ ಡಬ್ಬಿಯತ್ತ ಹೊರಡುವ ಮೊದಲು ನಾನು ಅವಳ ಸೀರೆಯನ್ನು ಕಣ್ಣರಳಿಸಿ ನೋಡುತ್ತೇನೆ. ಮೊನ್ನೆ ಕೇಳಿದಳು, "ಎಂತ ಹಾಗೆ ನೋಡುವುದು?"

"ಬಣ್ಣ. ತಪ್ಪಿಸಿಕೊಂಡರೆ ಬೇಕಾಗ್ತದಲ್ಲ. ಹಸಿರು."

"ಇದು ನೀಲಿ ಮಾರಾಯ್ರೆ!" ಎಂದು ನಗುತ್ತಾ ಜನರ ನಡುವೆ ಕರಗಿ ಹೋದಳು.

ನನಗೆ ಚಿಂತೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನ್ನ ಕಣ್ಣಿನ ಮೇಲೆ ಭರವಸೆ ಇಡುವ ವಯಸ್ಸು ಮುಗಿಯಿತು. ತಪ್ಪಿಸಿಕೊಂಡ ದಿನ ಮನೆಯ ದಿಕ್ಕಿಗೆ ಮುಖ ಮಾಡಿ, ಕೊನೆಯ ಬೆಂಚಿನಲ್ಲಿ ಸೊಂಟ ತಟ್ಟಿಕೊಳ್ಳುತ್ತಾ ಕೂತಿದ್ದರಾಯಿತು; ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.