ಅತ್ತೆಯ ಕಿವಿಯಿಂದ ಕ್ಯಾಮೆರಾಕ್ಕೆ

ನನ್ನ ಷಡ್ಡಕನನ್ನು ಊರೆಲ್ಲ ಕ್ಯಾಮೆರಾ ಡಾಕ್ಟ್ರು ಎನ್ನುತ್ತದೆ. ಈ ಬಿರುದು ಕೊಟ್ಟವರಾರೆಂದು ವಿಚಾರಿಸುತ್ತ ಹೋದರೆ ದಾರಿ ಸುತ್ತಿ ಬಳಸಿ ಅವನ ಅಂಗಡಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಎಂಟಡಿ ಅಗಲದ ಅಂಗಡಿ. ಮೇಜಿಗೆ ಬಿಳಿ ಬಟ್ಟೆ, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಎರಡು ಮೂರು ಹಳೆಯ ರೀಲ್ ಕ್ಯಾಮೆರಾ, ಸ್ಕ್ರೂ ಇಡಲು ಮೊಟ್ಟೆಯ ಟ್ರೇ. ಒಳಗೆ ಕೆಲಸ ನಡೆಯುವಾಗ ಗಿರಾಕಿ ಸೀನುವಂತಿಲ್ಲ.

ಅವನ ಕೆಲಸಕ್ಕೊಂದು ಗುರುತಿದೆ. ರಿಪೇರಿ ಮುಗಿದ ಮೇಲೆ ಬ್ಯಾಟರಿ ಮುಚ್ಚಳದ ಸುತ್ತ ಕರಗಿಸಿದ ಮೇಣ ಮೆತ್ತುತ್ತಾನೆ. "ನನ್ನ ಕೈ ದಾಟಿದ ಮಾಲಿನೊಳಗೆ ನೀರಿರಲಿ, ಗಾಳಿನೂ ನುಸುಳಲ್ಲ ಭಾವ," ಎನ್ನುವಾಗ ಎದೆ ಎರಡಿಂಚು ಮುಂದೆ ಬರುತ್ತದೆ. ಹೊಟ್ಟೆ ಮೊದಲೇ ಬಂದಿದೆ.

ಅವನ ಈ ಡಾಕ್ಟರಿಕೆಗೆ ಪರೀಕ್ಷೆ ತಂದಿಟ್ಟವರು ಹೈಸ್ಕೂಲಿನ ಗಣಿತದ ಟೀಚರ್. ಮೂವತ್ತೊಂದು ವರ್ಷದಿಂದ ತಮ್ಮ ತರಗತಿಯ ಫೋಟೋವನ್ನು ಒಂದೇ ಕ್ಯಾಮೆರಾದಲ್ಲಿ ತಾವೇ ತೆಗೆದವರು. ವರ್ಷಕ್ಕೆ ಒಂದೇ ಸಲ ಗುಂಡಿ ಒತ್ತುವುದು. ಎರಡನೇ ಸಲ ಒತ್ತುವುದು ಅವರ ಲೆಕ್ಕದಲ್ಲಿ ಕಾಪಿ ಹೊಡೆದಂತೆ. ಸ್ಟಾಫ್ ರೂಮಿನ ಗೋಡೆಯಲ್ಲಿ ಮೂವತ್ತೊಂದು ಚೌಕಟ್ಟು ನೇತಾಡುತ್ತಿದ್ದವು. ಮೂವತ್ತೆರಡನೆಯದಕ್ಕೆ ಮೊಳೆ ಹೊಡೆದಾಗಿತ್ತು. ಮುಂದಿನ ಶುಕ್ರವಾರ ಟೀಚರ್ ನಿವೃತ್ತಿ.

ಆದರೆ ಕ್ಯಾಮೆರಾದ ಮುಳ್ಳು ಮಲಗಿಬಿಟ್ಟಿತ್ತು. ಬೆಳಕು ಅಳೆಯುವ ಆ ಮುಳ್ಳು ಏಳದಿದ್ದರೆ ಗುಂಡಿ ಒತ್ತಿದರೂ ಶಟರ್ ತೆರೆಯುವುದಿಲ್ಲ. ಅದು ಏಳಲು ಬೇಕಾದದ್ದು ಪಾದರಸದ ಗುಂಡು ಬ್ಯಾಟರಿ. ಪಾದರಸ ವಿಷವೆಂದು ಅದರ ತಯಾರಿಕೆಯೇ ನಿಂತು ಕಾಲವಾಗಿತ್ತು. ಟೀಚರ್ ಡಬ್ಬಿಯಲ್ಲಿ ಕೂಡಿಟ್ಟಿದ್ದ ಕೊನೆಯದೂ ತೀರಿಕೊಂಡಿತ್ತು.

"ಮೊಬೈಲಲ್ಲಿ ತೆಗೆದರಾಯ್ತಲ್ಲ ಟೀಚರ್," ಎಂದು ನಾನು ಬಾಯಿ ಹಾಕಿದೆ.

"ಮೂವತ್ತೊಂದು ಲೆಕ್ಕ ಕೈಯಲ್ಲಿ ಮಾಡಿ, ಕೊನೇದಕ್ಕೆ ಕ್ಯಾಲ್ಕುಲೇಟರ್ ಹಿಡೀಲಾ?" ಎಂದರು. ನಾನು ಬೆಂಚಿನ ಮೇಲೆ ನಿಂತ ಹುಡುಗನಂತೆ ಕೈ ಕಟ್ಟಿಕೊಂಡೆ.

ಡಾಕ್ಟ್ರು ಮೊದಲು ವಾಚಿನಂಗಡಿಯಿಂದ ಅದೇ ಗಾತ್ರದ ಬ್ಯಾಟರಿ ತಂದು ಹಾಕಿ ಒಂದು ರೀಲು ತೆಗೆದ. ಅದು ಒಂದೂವರೆ ವೋಲ್ಟಿನದು. ಕ್ಯಾಮೆರಾಕ್ಕೆ ಬೇಕಾದದ್ದು ಚೂರು ಕಡಿಮೆ. ಹೆಚ್ಚಿಗೆ ಉಂಡ ಮುಳ್ಳು ಇಲ್ಲದ ಬೆಳಕನ್ನು ಇದೆಯೆಂದು ಸುಳ್ಳು ಹೇಳಿತು. ಫೋಟೋಗಳೆಲ್ಲ ಮಬ್ಬು.

"ಬೆಳಗ್ಗೆ ಹನ್ನೊಂದಕ್ಕೆ ತೆಗೆದದ್ದಾ ಇದು?" ಟೀಚರ್ ಕನ್ನಡಕ ಏರಿಸಿ ನೋಡಿದರು. "ಎಲ್ಲರೂ ಕರೆಂಟ್ ಹೋದ ಮನೇಲಿ ಕೂತ ಹಾಗಿದ್ದಾರಲ್ಲ ಡಾಕ್ಟ್ರೇ. ಶುಕ್ರವಾರದೊಳಗೆ ಆಗುತ್ತೋ, ಆಗಲ್ವೋ? ಆಗಲ್ಲ ಅಂದ್ರೆ ಆ ಮೊಳೆ ಕಿತ್ತು ಹೋಗ್ತೀನಿ."

ಈ ಮಾತು ಅವನಿಗೆ ನಾಟಿತು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಹಾಗೆಂದು ಅವನೇ ಹೇಳಿದ, ಭಾನುವಾರ ಅವನ ಮನೆಯಲ್ಲಿ ಮೂರನೆಯ ಸಲ ಅನ್ನ ಬಡಿಸಿಕೊಳ್ಳುತ್ತ.

ಎದುರಿಗೆ ನಮ್ಮಿಬ್ಬರ ಅತ್ತೆ ಕೂತಿದ್ದರು. ಕಿವಿಯ ಮಿಷನ್ನಿನ ಬ್ಯಾಟರಿ ಬದಲಿಸುತ್ತಿದ್ದರು. ಗುಂಡಿಯಷ್ಟಗಲದ ಹೊಸ ಬ್ಯಾಟರಿಯ ಬೆನ್ನಿನ ಬಣ್ಣದ ಚೀಟಿ ಕಿತ್ತು, ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತರು. ಡಾಕ್ಟ್ರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಪೊಟ್ಟಣ ಎಳೆದುಕೊಂಡು ಓದಿದ.

"ಒಂದು ಪಾಯಿಂಟ್ ನಾಲ್ಕು! ಭಾವ, ಒಂದು ಪಾಯಿಂಟ್ ನಾಲ್ಕು! ಪಾದರಸದ್ದಕ್ಕೂ ಇದಕ್ಕೂ ಕೂದಲೆಳೆ ಅಂತರ!"

ಒಂದು ಬ್ಯಾಟರಿ ಕಿಸೆಗಿಳಿಸಿದವನೇ ಎಂಜಲು ಕೈಯಲ್ಲೇ ಅಂಗಡಿಗೆ ಓಡಿದ.

"ತಾಳಿ ಅಳಿಯಂದ್ರೇ, ಅದನ್ನ ಬಿಗಿಯಾಗಿ ಮುಚ್ಚ್..." ಎಂದು ಅತ್ತೆ ಕೂಗಿದರು. ಅವನು ಗೇಟು ದಾಟಿದ್ದ. ಆ ಮನೆಯಲ್ಲಿ ಕಿವಿ ಮಂದ ಯಾರದು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ನಾನು ಹಿಂದೆಯೇ ಹೋದೆ. ಹೊಸದು ಅಗಲದಲ್ಲಿ ಸಣ್ಣದು, ಗೂಡಿನೊಳಗೆ ಗಿಲಕಿಯಂತೆ ಆಡುತ್ತಿತ್ತು. ತಾಮ್ರದ ತಂತಿಯನ್ನು ಬಳೆಯಂತೆ ಸುತ್ತಿ, ಬ್ಯಾಟರಿಯ ಬೆನ್ನಿನ ಚೀಟಿ ಕಿತ್ತು ನಡುವೆ ಕೂರಿಸಿ, ಮುಚ್ಚಳ ತಿರುಗಿಸಿ ಕ್ಯಾಮೆರಾವನ್ನು ಕಿಟಕಿಗೆ ಹಿಡಿದ. ಮುಳ್ಳು ಮೆಲ್ಲಗೆ ಅಲುಗಿತು, ಎದ್ದಿತು, ನಡುಮಧ್ಯಕ್ಕೆ ಬಂದು ನಿಂತಿತು!

"ಎದ್ದ! ಭಾವ, ಎದ್ದ!" ಎಂದು ನನ್ನನ್ನು ತಬ್ಬಿಕೊಂಡ. ಸಾರಿನ ಕೈ ನನ್ನ ಅಂಗಿಯ ಬೆನ್ನಿನಲ್ಲಿ ಐದೂ ಬೆರಳು ಮೂಡಿಸಿತು. ಆಮೇಲೆ ಶ್ರದ್ಧೆಯಿಂದ, ಸುತ್ತಲೂ ಮೇಣ ಮೆತ್ತಿದ. ಎಂದಿಗಿಂತ ಒಂದು ಪದರ ಹೆಚ್ಚು. ಪದೇಪದೇ ನೋಡಿದರೆ ಬ್ಯಾಟರಿ ಸವೆಯುತ್ತದೆಂದು ಶುಕ್ರವಾರದವರೆಗೆ ಚೀಲದಿಂದ ಹೊರತೆಗೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಶಾಲೆಯ ಮೈದಾನದಲ್ಲಿ ನಲವತ್ತಮೂರು ಮಕ್ಕಳು ಬೆಂಚುಗಳ ಮೇಲೆ ಸಾಲಾಗಿ ನಿಂತಿದ್ದರು. "ನನ್ನ ಕಿವಿ ಸಾಮಾನು ಏನು ಘನಕಾರ್ಯ ಮಾಡುತ್ತೋ ನೋಡ್ಬೇಕು," ಎಂದು ಅತ್ತೆಯೂ ಬಂದಿದ್ದರು. ಟೀಚರ್ ಕ್ಯಾಮೆರಾವನ್ನು ಕಣ್ಣಿಗೇರಿಸಿದರು. ಇಳಿಸಿದರು.

"ಡಾಕ್ಟ್ರೇ, ಮುಳ್ಳು ಮಲಗಿದೆ."

ಅವನ ಮುಖ ನೋಡಲಾಗಲಿಲ್ಲ. ಅಲ್ಲಾಡಿಸಿದ, ತಟ್ಟಿದ, ಬಿಸಿಲಿಗೆ ಹಿಡಿದ. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. "ಬೆಳಕು ಸಾಲದು ಅನ್ಸುತ್ತೆ," ಎಂದ. ಬಿಸಿಲಿಗೆ ಮಕ್ಕಳು ಕಣ್ಣು ಕಿರಿದು ಮಾಡಿಕೊಂಡಿದ್ದರು. ಟೀಚರ್ ಸ್ಟಾಫ್ ರೂಮಿನ ಕಿಟಕಿಯತ್ತ ನೋಡಿದರು.

ಅತ್ತೆ ಕ್ಯಾಮೆರಾ ಕಿತ್ತುಕೊಂಡರು. "ಇದೇನು, ಗೋರಿ ಕಟ್ಟಿದ ಹಾಗೆ ಮೇಣ ಬಳಿದಿದ್ದೀರಲ್ಲ! ಇದು ಗಾಳಿ ಕುಡಿದು ಬದುಕೋ ಬ್ಯಾಟರಿ ಅಳಿಯಂದ್ರೇ. ಬೆನ್ನಲ್ಲಿ ತೂತಿರೋದು ಯಾತಕ್ಕೆ, ಚೆಂದಕ್ಕಾ? ಅವತ್ತೇ ಕೂಗಿ ಹೇಳಿದೆ."

ತಲೆಯಿಂದ ಹೇರ್‌ಪಿನ್ ಎಳೆದು ಮೇಣವನ್ನೆಲ್ಲ ಕೆರೆದರು. ಮುಚ್ಚಳ ಬಿಚ್ಚಿ ಬ್ಯಾಟರಿಯನ್ನು ಅಂಗೈ ಮೇಲಿಟ್ಟುಕೊಂಡರು. "ಎರಡು ನಿಮಿಷ ಉಸಿರಾಡ್ಲಿ."

"ಮಕ್ಕಳೇ," ಎಂದರು ಟೀಚರ್, "ನೂರಿಪ್ಪತ್ತರಿಂದ ಹಿಂದಕ್ಕೆ, ಮೂರು ಮೂರು ಬಿಟ್ಟು ಎಣಿಸಿ. ನಿಧಾನವಾಗಿ."

ಮೈದಾನವೆಲ್ಲ ನೂರಹದಿನೇಳು, ನೂರಹದಿನಾಲ್ಕು ಎಂದು ಮೊಳಗಿತು. ಎಂಬತ್ತರ ಸುತ್ತ ಹಿಂದಿನ ಸಾಲು ದಾರಿ ತಪ್ಪಿತು. ಮುಂದಿನ ಸಾಲು ಎಳೆದು ತಂದಿತು. ಡಾಕ್ಟ್ರೂ ಎಣಿಸುತ್ತಿದ್ದ, ಎಲ್ಲರಿಗಿಂತ ಜೋರಾಗಿ, ತಪ್ಪಾಗಿ. ಸೊನ್ನೆ ಬಂದಾಗ ಅತ್ತೆ ಬ್ಯಾಟರಿಯನ್ನು ಬಳೆಯೊಳಗೆ ಕೂರಿಸಿ ಮುಚ್ಚಳ ತಿರುಗಿಸಿದರು. ಟೀಚರ್ ಕಣ್ಣಿಟ್ಟರು.

"ಏಳ್ತಿದೆ," ಎಂದರು ಪಿಸುದನಿಯಲ್ಲಿ. ಆಮೇಲೆ ಇಡೀ ಶಾಲೆಗೆ ಕೇಳುವಂತೆ, "ಎದ್ದಿತು ಕಣ್ರೋ!"

ಮಕ್ಕಳು ಹೋ ಎಂದರು. ಕ್ಲಿಕ್!

ಮೂವತ್ತೆರಡನೆಯ ಫೋಟೋ ಈಗ ಆ ಮೊಳೆಯ ಮೇಲಿದೆ. ಬೆಳಕು ಹದವಾಗಿದೆ. ಉಳಿದ ಮೂವತ್ತೊಂದರಲ್ಲಿ ಮಕ್ಕಳು ಕಂಬದಂತೆ ನಿಂತಿದ್ದರೆ, ಇದರಲ್ಲಿ ಎಲ್ಲರ ಬಾಯಿ ತೆರೆದಿದೆ, ಕೈ ಮೇಲಿದೆ. ಬಲತುದಿಯಲ್ಲಿ, ಬೆಂಚಿನ ಪಕ್ಕ, ಎರಡೂ ಕಾಲು ನೆಲ ಬಿಟ್ಟು ಗಾಳಿಯಲ್ಲಿರುವ ದಪ್ಪನೆಯ ಮನುಷ್ಯ ನನ್ನ ಷಡ್ಡಕ. ಇನ್ನೊಂದು ತೆಗೆಯಿರೆಂದು ಅವನು ಬೇಡಿಕೊಂಡ. ಟೀಚರ್ ಒಪ್ಪಲಿಲ್ಲ.

ಈಗ ಅಂಥ ಕ್ಯಾಮೆರಾ ಹಿಡಿದು ಬಂದವರಿಗೆಲ್ಲ ಅವನು, "ಬ್ಯಾಟರಿಗೂ ಉಸಿರು ಬೇಕು ಸಾರ್. ಇದು ನನ್ನ ಸಂಶೋಧನೆ," ಎನ್ನುತ್ತಾನೆ. ಅತ್ತೆ ಅಂಗಡಿಯಲ್ಲಿದ್ದರೆ ಮಾತ್ರ ಸ್ವರ ತಗ್ಗಿಸುತ್ತಾನೆ. ಪ್ರಯೋಜನವಿಲ್ಲ. ಅವರ ಮಿಷನ್ನಿಗೆ ಹೊಸ ಬ್ಯಾಟರಿ ಬಿದ್ದಿದೆ.